ಮನೆಯೊಳಗೆ ಬಟ್ಟೆ ಒಣಗುವ ಬಗೆ

ಕಡೂರು, ಅಜ್ಜಂಪುರಗಳ ಬಯಲಿನಲ್ಲಿ ಮಾಗಿಯ ಬಿಸಿಲೂ ಒಣಗಾಳಿಯೂ ಸೇರಿ ಒಗೆದ ಬಟ್ಟೆಗಳನ್ನು ಮಂಜು ಬೀಳುವುದರೊಳಗಾಗಿ ಒಣಗಿಸಿಕೊಡುವುವು. ಅಲ್ಲಿ ನಮಗೆ ಯಂತ್ರದ ಹಂಗಿಲ್ಲ. ತರೀಕೆರೆಯಿಂದ ಲಿಂಗದಹಳ್ಳಿಯನ್ನು ದಾಟಿ ಕೆಮ್ಮಣ್ಣುಗುಂಡಿಯ ಬೆಟ್ಟದ ಕಡೆಗೆ ಏರಿದರೆ ಮಳೆಗಾಲದ ಮಾತೇ ಬೇರೆ.

ಬಟ್ಟೆ ಒಣಗುವುದೆಂದರೆ ಅದರ ನೀರು ಆವಿಯಾಗಿ ಗಾಳಿಯನ್ನು ಸೇರುವುದು. 20 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಒಂದು ಘನ ಮೀಟರ್ ಗಾಳಿಯು ಸುಮಾರು 17 ಗ್ರಾಂ ಆವಿಯನ್ನು ಮಾತ್ರ ಹಿಡಿಯಬಲ್ಲುದು. ಮುಚ್ಚಿದ ಕೋಣೆಯಲ್ಲಿ ಈ ಮಿತಿಯು ಬೇಗನೆ ಸಮೀಪಿಸುವುದರಿಂದ ಬಟ್ಟೆಗೆ ಮುಗ್ಗುವಾಸನೆ ಹತ್ತುವುದು. ಕೆಂಡದ ಮೇಲೆ ಬುಟ್ಟಿಯನ್ನು ಕವುಚಿ ಬಟ್ಟೆ ಹರಡುವ ವಾಡಿಕೆಯು ಈ ಕಷ್ಟದಿಂದಲೇ ಹುಟ್ಟಿತು. ಆದರೆ ಮಲಗುವ ಕೋಣೆಯ ಬಾಗಿಲಿಕ್ಕಿಕೊಂಡು ಎಂದಿಗೂ ಹೀಗೆ ಮಾಡತಕ್ಕದ್ದಲ್ಲ. ಕೆಂಡದಿಂದ ಹೊರಡುವ ಕಾರ್ಬನ್ ಮಾನಾಕ್ಸೈಡ್ ಎಂಬ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ; ನಿದ್ರಿಸುವವರು ಅರಿಯದಂತೆಯೇ ಅದು ಪ್ರಾಣವನ್ನು ತೆಗೆಯಬಲ್ಲುದು.

ಈಗ ಬಳಕೆಗೆ ಬಂದಿರುವ ಡಿಹ್ಯೂಮಿಡಿಫೈಯರ್ ಯಂತ್ರವು ಕೋಣೆಯ ಗಾಳಿಯನ್ನು ಸೆಳೆದು ತಣ್ಣನೆಯ ಕೊಳವೆಗಳ ಮೇಲೆ ಹಾಯಿಸುವುದು. ತಣ್ಣೀರಿನ ತಂಬಿಗೆಯ ಹೊರಮೈ ಬೆವರುವಂತೆ ಆವಿಯು ಅಲ್ಲಿ ಹನಿಯಾಗಿ ತೊಟ್ಟಿಕ್ಕುವುದು. ಗಾಳಿಯು ತುಸು ಬೆಚ್ಚಗಾಗಿ ಕೋಣೆಗೆ ಹಿಂದಿರುಗುವುದು. ಯಂತ್ರವು ನಡೆಯುವಾಗ ಕಿಟಕಿಗಳನ್ನು ಮುಚ್ಚಬೇಕು. ಇಲ್ಲವಾದರೆ ಆಷಾಢದ ಆಕಾಶವನ್ನೆಲ್ಲ ಒಣಗಿಸಹೊರಟಂತಾದೀತು! ಯಂತ್ರವಿಲ್ಲದವರು ಮಳೆ ಬಿಟ್ಟ ಹೊತ್ತಿನಲ್ಲಿ ಕಿಟಕಿಗಳನ್ನು ತೆರೆದು, ಬಟ್ಟೆಗಳ ನಡುವೆ ಗೇಣಂತರ ಬಿಟ್ಟು ಹರವಬೇಕು.