ಲ್ಯಾಪ್‌ಟಾಪಿಗೆ ರಾತ್ರಿ ನಿದ್ದೆ ಬೇಡವೇ?

ಮಕ್ಕಳೇ, ದಸರಾ ರಜೆ ಮುಗಿಸಿ ಬಂದಾಗ ನಮ್ಮ ಕಂಪ್ಯೂಟರ್ ಕೋಣೆಯ ಕಿಟಕಿ ಪಕ್ಕದ ಲ್ಯಾಪ್‌ಟಾಪಿನ ಹೊಟ್ಟೆ ಉಬ್ಬಿಕೊಂಡಿದ್ದನ್ನು ನೀವೆಲ್ಲ ನೋಡಿದ್ದೀರಿ. ಬೆರಳಾಡಿಸುವ ಚೌಕ ಮೇಲಕ್ಕೆದ್ದಿತ್ತು, ಮುಚ್ಚಳ ಸರಿಯಾಗಿ ಕೂರುತ್ತಿರಲಿಲ್ಲ. ರಜೆಯಿಡೀ ಅದು ಚಾರ್ಜರಿಗೆ ಸಿಕ್ಕಿಸಿಕೊಂಡು ಆನ್ ಆಗಿಯೇ ಇತ್ತು. ಯಾರು ಬಿಟ್ಟರು ಎಂಬ ಪಂಚಾಯ್ತಿ ಬೇಡ, ಕೋಣೆಗೆ ಬೀಗ ಹಾಕಿದವನು ನಾನೇ. ಆದರೆ ಆವತ್ತು ಒಂಬತ್ತನೇ ತರಗತಿಯಲ್ಲಿ ನಡೆದ ಜಗಳ ಬರೆದಿಡುವಂಥದ್ದು.

"ಆನ್ ಇದ್ದದ್ದಕ್ಕೇ ಕೆಟ್ಟೋಯ್ತು ಸಾ" ಅಂತ ಅರ್ಧ ತರಗತಿ. "ಆಫ್ ಆನ್, ಆಫ್ ಆನ್ ಮಾಡಿದ್ರೇ ಜಾಸ್ತಿ ಕೆಡೋದು. ಪಂಪ್‌ಸೆಟ್ಟನ್ನ ಪದೇಪದೇ ಸ್ಟಾರ್ಟ್ ಮಾಡಿದ್ರೆ ನಮ್ಮಪ್ಪ ಬಯ್ತಾರೆ" ಅಂತ ಇನ್ನರ್ಧ. ಎರಡು ಮಾತಿನಲ್ಲೂ ನಿಜವಿದೆ.

ಮೊದಲು ಪಂಪ್‌ಸೆಟ್ಟಿನ ಮಾತು. ನಿಂತ ಮೋಟಾರು ಹೊರಡುವ ಗಳಿಗೆಯಲ್ಲಿ, ಓಡುವಾಗ ಎಳೆಯುವುದರ ಐದಾರು ಪಟ್ಟು ಕರೆಂಟನ್ನು ಎಳೆಯುತ್ತದೆ. ಸುರುಳಿ ಬಿಸಿಯಾಗುತ್ತದೆ. ಪದೇಪದೇ ಹೀಗಾದರೆ ಸುಟ್ಟೇ ಹೋಗಬಹುದು. ಆದ್ದರಿಂದ ಅಪ್ಪ ಬಯ್ಯುವುದು ಸರಿ. ತಿರುಮಕೂಡಲಿನಲ್ಲಿ ಕಪಿಲೆಯನ್ನು ಕೂಡಿಸಿಕೊಂಡ ಕಾವೇರಿ ತಲಕಾಡು ದಾಟಿ ಶಿವನಸಮುದ್ರಕ್ಕೆ ಹೋಗುತ್ತಾಳಲ್ಲ, ಅಲ್ಲಿಂದ 1902ರಲ್ಲಿ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಹರಿಯಿತು. ಅಂಥ ವಿದ್ಯುದಾಗಾರಗಳ ಯಂತ್ರಗಳು ದಿನಗಟ್ಟಲೆ ಓಡುತ್ತವೆ. ಆದರೆ ಎಣ್ಣೆ ನೋಡಲು, ಬಿಸಿ ಅಳೆಯಲು ಪಕ್ಕದಲ್ಲೇ ಜನ ಇರುತ್ತಾರೆ, ಸರದಿಯಂತೆ ನಿಲ್ಲಿಸಿ ದುರಸ್ತಿಯೂ ಮಾಡುತ್ತಾರೆ. ನಮ್ಮ ಲ್ಯಾಪ್‌ಟಾಪಿಗೆ ರಜೆಯಲ್ಲಿ ಯಾರಿದ್ದರು?

ಇನ್ನೊಂದು ಸೋಜಿಗ ಕೇಳಿ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಲಿವರ್‌ಮೋರ್ ಎಂಬ ಊರಿದೆ. ಅಲ್ಲಿನ ಅಗ್ನಿಶಾಮಕ ಠಾಣೆಯ ಒಂದು ಬಲ್ಬು 1901ರಿಂದ ಉರಿಯುತ್ತಾ ಬಂದಿದೆ. ನಡುವೆ ಆರಿದ್ದು ಬಹಳ ಅಪರೂಪ. "ನೋಡಿ, ಆರಿಸದೇ ಇದ್ರೆ ಬಾಳುತ್ತೆ" ಅನ್ನಬೇಡಿ. ಈಗ ಅದರ ಬೆಳಕು ಸುಮಾರು 4 ವಾಟ್ ಮಾತ್ರ, ನಮ್ಮ ದೇವರ ಗೂಡಿನ ಸಣ್ಣ ದೀಪದ ಹಾಗೆ. ಮಂಕಾಗಿ ಉರಿಯುವುದರಿಂದ ಒಳಗಿನ ತಂತಿ ಅಷ್ಟಾಗಿ ಕಾಯುವುದಿಲ್ಲ. ಗುಟ್ಟು ಇರುವುದು ಅಲ್ಲಿ.

ಅಂದರೆ ಕೇಳಬೇಕಾದ ಪ್ರಶ್ನೆ ಎಷ್ಟು ಹೊತ್ತು ಓಡಿತು ಎಂಬುದಲ್ಲ, ಎಷ್ಟು ಬಿಸಿಯಲ್ಲಿ ಓಡಿತು ಎಂಬುದು. ಲ್ಯಾಪ್‌ಟಾಪಿನ ಚಿಪ್ಪುಗಳಿಗೆ ಸುಮ್ಮನೆ ಆನ್ ಇರುವುದರಿಂದ ಹೇಳಿಕೊಳ್ಳುವ ತೊಂದರೆಯಿಲ್ಲ. ದಿನಕ್ಕೊಂದು ಸಲ ಆಫ್ ಮಾಡಿ ಆನ್ ಮಾಡಿದರೂ ಅವು ಸವೆದು ಹೋಗುವುದಿಲ್ಲ, ಇದು ಪಂಪ್‌ಸೆಟ್ಟಲ್ಲ. ಒಳಗೆ ತಿರುಗುವ ಹಾರ್ಡ್ ಡಿಸ್ಕ್ ಇದ್ದರೆ ಅದು ತಿರುಗಿದಷ್ಟೂ ಸವೆಯುತ್ತದೆ. ಹೊಸ ಲ್ಯಾಪ್‌ಟಾಪುಗಳಲ್ಲಿ ತಿರುಗುವ ಡಿಸ್ಕೇ ಇರುವುದಿಲ್ಲ. ಫ್ಯಾನಿನದು ಬೇರೆ ಕಥೆ. ಭತ್ತದ ಒಕ್ಕಣೆ ಕಾಲದಲ್ಲಿ ನಮ್ಮೂರಿನ ಗಾಳಿ ಹೇಗಿರುತ್ತದೆ ಎಂದು ನಿಮಗೆ ಹೇಳಬೇಕೇ? ಹಗಲೂ ರಾತ್ರಿ ಓಡುವ ಫ್ಯಾನು ಹಗಲೂ ರಾತ್ರಿ ಧೂಳು ಕುಡಿಯುತ್ತದೆ. ಗಾಳಿಯ ಕಿಂಡಿ ಕಟ್ಟಿದರೆ ಬಿಸಿ ಒಳಗೇ ಉಳಿಯುತ್ತದೆ.

ನಿಜವಾಗಿ ಸೊರಗುವುದು ಬ್ಯಾಟರಿ. ಅದರ ಹೆಸರು ಲಿಥಿಯಂ ಅಯಾನ್. 1991ರಲ್ಲಿ ಜಪಾನಿನ ಸೋನಿ ಕಂಪನಿ ಇದನ್ನು ಮೊದಲು ಮಾರುಕಟ್ಟೆಗೆ ತಂದಿತು. ಇದರ ಹಿಂದೆ ದುಡಿದ ಗುಡ್‌ಇನಫ್, ವಿಟಿಂಗ್‌ಹ್ಯಾಮ್, ಯೋಶಿನೊ ಎಂಬ ಮೂವರಿಗೆ 2019ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಬಂತು. ಆಗ ಗುಡ್‌ಇನಫ್ ಅವರಿಗೆ 97 ವರ್ಷ! (ಪರೀಕ್ಷೆಯಲ್ಲಿ ಫೇಲಾದೆ, ವಯಸ್ಸಾಯಿತು ಅನ್ನುವವರು ಗಮನಿಸಿ.)

ತುಂಬಿದ ಮೇಲೂ ಕರೆಂಟು ನುಗ್ಗಿ ನುಗ್ಗಿ ಬ್ಯಾಟರಿ ಉಬ್ಬುತ್ತದೆ ಎಂದು ಹಲವರು ತಿಳಿದಿದ್ದಾರೆ. ಅದು ಹಾಗಲ್ಲ. ಬ್ಯಾಟರಿ ತುಂಬಿದ ಕೂಡಲೇ ಒಳಗಿನ ಸರ್ಕ್ಯೂಟು ಚಾರ್ಜನ್ನು ನಿಲ್ಲಿಸುತ್ತದೆ. ಆಮೇಲೆ ಯಂತ್ರ ಚಾರ್ಜರಿನಿಂದಲೇ ನೇರವಾಗಿ ಓಡುತ್ತದೆ. ಹಾಗಾದರೆ ಕೆಡುವುದು ಯಾಕೆ? ತುಂಬಿ ನಿಂತ ಬ್ಯಾಟರಿಯ ಪ್ರತಿ ಕೋಶದಲ್ಲೂ ಹೆಚ್ಚುಕಡಿಮೆ 4.2 ವೋಲ್ಟ್ ಇರುತ್ತದೆ. ಆ ಒತ್ತಡದಲ್ಲಿ ಒಳಗಿನ ದ್ರಾವಣ ನಿಧಾನವಾಗಿ ಒಡೆಯುತ್ತಾ ಬರುತ್ತದೆ. ಸ್ವಲ್ಪ ಲಿಥಿಯಂ ಕೆಲಸಕ್ಕೆ ಬಾರದಂತೆ ಸಿಕ್ಕಿಕೊಳ್ಳುತ್ತದೆ, ಸ್ವಲ್ಪ ಅನಿಲವೂ ಹುಟ್ಟುತ್ತದೆ. ಇದಕ್ಕೆ ಬಿಸಿ ಸೇರಿದರೆ ಮುಗಿಯಿತು. ಬಿಸಿ 10 ಡಿಗ್ರಿ ಏರಿದರೆ ಇಂಥ ರಾಸಾಯನಿಕ ಕ್ರಿಯೆಗಳ ವೇಗ ಸುಮಾರು ಎರಡು ಪಟ್ಟಾಗುತ್ತದೆ ಎಂಬುದು ಒಂದು ಸ್ಥೂಲ ಲೆಕ್ಕ. ನಂಜನಗೂಡು ರಸಬಾಳೆಯ ಗೊನೆ ತಣ್ಣನೆಯ ಜಾಗದಲ್ಲಿ ನಿಧಾನಕ್ಕೆ ಹಣ್ಣಾಗುತ್ತದೆ, ಬೆಚ್ಚಗಿಟ್ಟರೆ ಬೇಗ ಮಾಗಿ ಕಳಿತೇ ಹೋಗುತ್ತದೆ. ಬ್ಯಾಟರಿಯೂ ಹಂಗೇ. ನಮ್ಮದಕ್ಕೆ ಮೂರೂ ಕೂಡಿದ್ದವು: ಪೂರ್ತಿ ಚಾರ್ಜು, ಮುಚ್ಚಿದ ಕೋಣೆ, ಮಧ್ಯಾಹ್ನ ಕಿಟಕಿಯಿಂದ ಮೈಮೇಲೆ ಬೀಳುವ ಬಿಸಿಲು.

ಉಬ್ಬಿದ ಬ್ಯಾಟರಿಯನ್ನು ಒತ್ತಬಾರದು, ಚುಚ್ಚಬಾರದು, ಮತ್ತೆ ಚಾರ್ಜಿಗೆ ಹಾಕಬಾರದು, ತಿಪ್ಪೆಗೆ ಎಸೆಯಲೂಬಾರದು. ಬೆಂಕಿ ಹೊತ್ತಿಕೊಳ್ಳುತ್ತದೆ. ಒಬ್ಬ ಮಹಾನುಭಾವ ಜಾಮಿಟ್ರಿ ಬಾಕ್ಸಿನ ಕೈವಾರ ಹಿಡಿದುಕೊಂಡು ಬಂದಿದ್ದ, ಹೆಸರು ಬರೆಯುವುದಿಲ್ಲ. ಅದನ್ನು ಬಿಚ್ಚುವುದು ರಿಪೇರಿಯವರ ಕೆಲಸ. ಹಳೆಯದನ್ನೂ ಅವರಿಗೇ ಕೊಟ್ಟೆವು.

ಇನ್ನು ಕರೆಂಟಿನ ಲೆಕ್ಕ. ಸುಮ್ಮನೆ ಆನ್ ಇರುವ ಲ್ಯಾಪ್‌ಟಾಪು 15 ವಾಟ್ ತಿನ್ನುತ್ತದೆ ಎಂದು ಹಿಡಿಯೋಣ. 24 ಗಂಟೆಗೆ 360 ವಾಟ್-ಗಂಟೆ, 30 ದಿನಕ್ಕೆ 10.8 ಯೂನಿಟ್. ದಿನಕ್ಕೆ 5 ಗಂಟೆ ಮಾತ್ರ ಓಡಿಸಿದರೆ 2.25 ಯೂನಿಟ್. ಮನೆಯಲ್ಲಿ ಪರೀಕ್ಷಿಸಿ ನೋಡಿ. ಮೀಟರಿನಲ್ಲಿ ಮಿಣುಕುವ ಕೆಂಪು ದೀಪದ ಪಕ್ಕ 3200 ಎಂದು ಬರೆದಿದ್ದರೆ, ಅಷ್ಟು ಸಲ ಮಿಣುಕಿದಾಗ ಒಂದು ಯೂನಿಟ್. ಉಳಿದದ್ದೆಲ್ಲ ಆರಿಸಿ, 15 ವಾಟಿನ ಒಂದೇ ಯಂತ್ರ ಬಿಟ್ಟರೆ ಗಂಟೆಗೆ 48 ಸಲ ಮಿಣುಕಬೇಕು. ಹೆಚ್ಚು ಬಂದರೆ ಮನೆಯಲ್ಲಿ ಇನ್ನೇನೋ ಓಡುತ್ತಿದೆ ಅಂತ ಅರ್ಥ, ಹುಡುಕಿ.

ಊಟದ ಬೆಲ್ಲಿಗೆ ಹೋಗುವಾಗ ಆಫ್ ಮಾಡುವ ಅಗತ್ಯವಿಲ್ಲ, ಮುಚ್ಚಳ ಮುಚ್ಚಿ ಮಲಗಿಸಿದರೆ ಸಾಕು. ಆದರೆ ಮಲಗಿದ ಲ್ಯಾಪ್‌ಟಾಪನ್ನು ಚೀಲದೊಳಗೆ ತುರುಕಬೇಡಿ. ಕೆಲವು ಒಳಗೇ ಎಚ್ಚರಗೊಂಡು ಕುದಿಯುತ್ತವೆ. ಸಂಜೆ ಪೂರ್ತಿ ಆಫ್ ಮಾಡಿ ಪ್ಲಗ್ಗು ಕೀಳಬೇಕು, ಸಿಡಿಲಿನ ಕಾಲದಲ್ಲಂತೂ ಖಂಡಿತ. ವಾರಕ್ಕೊಮ್ಮೆ ರೀಸ್ಟಾರ್ಟ್ ಒತ್ತಿ. ಕಿಟಕಿಗಳ ಚಿತ್ರವಿರುವ ಯಂತ್ರಗಳಲ್ಲಿ ಬರೀ ಶಟ್‌ಡೌನ್ ಒತ್ತಿದರೆ ಹಳೆಯ ಗೋಜಲು ಎಷ್ಟೋ ಸಲ ಪೂರ್ತಿ ತೊಳೆದು ಹೋಗುವುದಿಲ್ಲ. ಹಲವು ಲ್ಯಾಪ್‌ಟಾಪುಗಳಲ್ಲಿ ಚಾರ್ಜನ್ನು ನೂರಕ್ಕೆ 80ಕ್ಕೇ ನಿಲ್ಲಿಸುವ ಏರ್ಪಾಡು ಇದೆ. ನಮ್ಮ ಉಳಿದ ಯಂತ್ರಗಳಲ್ಲಿ ನಾಲ್ಕಕ್ಕೆ ಅದನ್ನು ಹಾಕಿದ್ದೇವೆ, ಎರಡರಲ್ಲಿ ಸಿಗಲಿಲ್ಲ.

ಕಿಟಕಿ ಪಕ್ಕದ್ದನ್ನು ಒಳಗೋಡೆಯ ಮೇಜಿಗೆ ಸರಿಸಿದ್ದಾಗಿದೆ. ಸದ್ಯ ಅದರಲ್ಲಿ ಬ್ಯಾಟರಿ ಇಲ್ಲ, ಚಾರ್ಜರಿನಿಂದಲೇ ಓಡುತ್ತಿದೆ. ಕರೆಂಟು ಹೋದರೆ ಆ ಕ್ಷಣವೇ ಆರುತ್ತದೆ. ಮೊನ್ನೆ ಹತ್ತನೇ ತರಗತಿಯ ಹುಡುಗಿ ಟೈಪು ಮಾಡಿದ್ದ ಎರಡು ಪುಟ ಹಾಗೇ ಹೋಯಿತು, ಪಾಪ, ಅತ್ತೇಬಿಟ್ಟಳು. ಹೊಸ ಬ್ಯಾಟರಿ ಬರುವವರೆಗೆ ಅದರಲ್ಲಿ ಕೂರುವವರು ಪ್ಯಾರಾಕ್ಕೊಮ್ಮೆ ಸೇವ್ ಮಾಡಿ.