ಮೂರನೇ ವರ್ಷದಲ್ಲಿ ಸೊರೊರಿಟಿ ಸೇರುವವರಿಗೆ

ಅಮೆರಿಕದ ಕಾಲೇಜುಗಳಲ್ಲಿ ಹುಡುಗಿಯರ ಸಂಘವಾದ ಸೊರೊರಿಟಿಗೆ ಮೊದಲ ವರ್ಷದಲ್ಲೇ ಸೇರಬೇಕು, ಆಮೇಲೆ ಅವಕಾಶವಿಲ್ಲ ಎಂದು ನಂಬಿ ಸುಮ್ಮನಾಗುವವರು ಬಹಳ. ಕಮಲಾ ಹ್ಯಾರಿಸ್ ಹೋವರ್ಡ್ ವಿಶ್ವವಿದ್ಯಾಲಯದಲ್ಲಿ ಆಲ್ಫಾ ಕಪ್ಪಾ ಆಲ್ಫಾ ಸೇರಿದ್ದು 1986ರಲ್ಲಿ, ಪದವಿ ಮುಗಿಸಿದ ವರ್ಷ. ನೀವೂ ಧೈರ್ಯ ಮಾಡಿ.

1. ದೊಡ್ಡ ಜಾತ್ರೆ ಮುಗಿಯಲಿ. ಆಗಸ್ಟ್–ಸೆಪ್ಟೆಂಬರ್‌ನ 'ರಷ್' ಎಂಬ ಸದಸ್ಯರ ಆಯ್ಕೆ ಬಹುತೇಕ ಮೊದಲ ವರ್ಷದವರದು. ಅದಾದ ಮೇಲೆ, ಜಾಗ ಉಳಿದ ಶಾಖೆಗಳು 'ಓಪನ್ ಬಿಡ್ಡಿಂಗ್' ನಡೆಸುತ್ತವೆ. ಕಾಫಿಗೆ ಕರೆಯುತ್ತಾರೆ, ಮಾತಾಡಿಸುತ್ತಾರೆ, ಹಿಡಿಸಿದರೆ ಆಹ್ವಾನ ಕೊಡುತ್ತಾರೆ. ಯಾವ ಶಾಖೆಯಲ್ಲಿ ಜಾಗವಿದೆ ಎಂದು, ಇಂಥ ಸಂಘಗಳನ್ನು ನೋಡಿಕೊಳ್ಳುವ ಕಾಲೇಜಿನ ಗ್ರೀಕ್ ಲೈಫ್ ಕಚೇರಿಯಲ್ಲಿ ನೇರವಾಗಿ ಕೇಳಿ.

2. "ಇಷ್ಟು ದಿನ ಬಿಟ್ಟು ಈಗೇಕೆ?" ಈ ಪ್ರಶ್ನೆ ಬಂದೇ ಬರುತ್ತದೆ. ನಿಜ ಹೇಳಿ. "ಕಮ್ಯುನಿಟಿ ಕಾಲೇಜಿನಿಂದ ಬಂದೆ. ಲ್ಯಾಬ್ ಬಿಟ್ಟರೆ ರೂಮು, ರೂಮು ಬಿಟ್ಟರೆ ಲ್ಯಾಬ್. ಜೊತೆಗೆ ಊಟ ಮಾಡುವ ಗೆಳತಿಯರು ಬೇಕು." ಬಾಯಿಪಾಠ ಮಾಡಿದ ಹತ್ತು ಮಾತಿಗಿಂತ ಇದು ಮನಸ್ಸಿಗೆ ತಟ್ಟುತ್ತದೆ.

3. ಕಾಲೇಜಿನ ಜಿಪಿಎ (ಸರಾಸರಿ ಅಂಕ) ನಿಮ್ಮ ಬಲ. ಹೊಸಬರ ಕೈಯಲ್ಲಿ ಹೈಸ್ಕೂಲಿನ ಅಂಕಪಟ್ಟಿ ಮಾತ್ರ.

4. ದುಡ್ಡಿನ ಮಾತಿಗೆ ಸಂಕೋಚ ಬೇಡ. ಮೊದಲ ಸೆಮಿಸ್ಟರ್‌ನ ಶುಲ್ಕ ಸಾಮಾನ್ಯವಾಗಿ ಹೆಚ್ಚು. ಕೆಲವು ಶಾಖೆಗಳಲ್ಲಿ ಸಂಘದ ಮನೆಯಲ್ಲೇ ವಾಸಿಸುವ ನಿಯಮವಿದೆ. ನೀವಾಗಲೇ ಅಪಾರ್ಟ್‌ಮೆಂಟಿಗೆ ವರ್ಷದ ಕರಾರು ಮಾಡಿಕೊಂಡಿದ್ದರೆ ಎರಡೆರಡು ಬಾಡಿಗೆಯ ಹೊರೆ ಬಿದ್ದೀತು. ಇರುವ ಮೂರ್ನಾಲ್ಕು ಸೆಮಿಸ್ಟರ್‌ಗೆ ಒಟ್ಟು ಎಷ್ಟಾಗುತ್ತದೆಂದು ಬರೆಸಿಕೊಂಡು, ಮನೆಯಲ್ಲಿ ಅಪ್ಪ-ಅಮ್ಮನ ಮುಂದಿಡಿ.

5. ಸಣ್ಣ ಸಂಘಗಳನ್ನು ಕಡೆಗಣಿಸಬೇಡಿ. ಹೂಸ್ಟನ್‌ನಲ್ಲಿ ಡೆಲ್ಟಾ ಫೈ ಒಮೆಗಾ, ಆಸ್ಟಿನ್‌ನಲ್ಲಿ ಕಪ್ಪಾ ಫೈ ಗಾಮಾ ಹುಟ್ಟಿದ್ದು 1998ರಲ್ಲಿ, ದಕ್ಷಿಣ ಏಷ್ಯಾ ಮೂಲದ ಹುಡುಗಿಯರಿಂದ. ಅಲ್ಲಿನ ಕನ್ನಡದ ಮನೆಗಳ ಹೆಣ್ಣುಮಕ್ಕಳು ಮೊದಲು ಇಂಥ ಕಡೆ ವಿಚಾರಿಸುವುದೇ ಒಳ್ಳೆಯದೆಂದು ನನ್ನ ಅಭಿಪ್ರಾಯ.

6. ಸಹಿಗೆ ಮುನ್ನ ಯೋಚಿಸಿ. ಸೊರೊರಿಟಿಗಳ ಒಕ್ಕೂಟವಾದ ನ್ಯಾಷನಲ್ ಪ್ಯಾನ್‌ಹೆಲೆನಿಕ್ ಕಾನ್ಫರೆನ್ಸ್‌ನ ಒಂದು ಸಂಘಕ್ಕೆ ದೀಕ್ಷೆಯಾದರೆ ಅದರಡಿಯ ಇನ್ನೊಂದಕ್ಕೆ ಸೇರುವಂತಿಲ್ಲ.

7. ಅವಮಾನ ಸಹಿಸಬೇಡಿ. ತಂಗಿಯ ವಯಸ್ಸಿನವಳು 'ಸೀನಿಯರ್' ಎಂದು ರಾತ್ರಿಯಿಡೀ ನಿಲ್ಲಿಸಿದರೆ, ಕುಡಿಸಿದರೆ, ಅಲ್ಲಿಂದ ಎದ್ದು ಬನ್ನಿ, ಕಾಲೇಜಿಗೆ ದೂರು ಕೊಡಿ. ಇಂಥ ಕಿರುಕುಳದ, ಅಂದರೆ ಹೇಜಿಂಗ್ ಘಟನೆಗಳ ವರದಿ ಪ್ರಕಟಿಸಬೇಕೆಂದು 2024ರ ಫೆಡರಲ್ ಕಾನೂನು ಕಾಲೇಜುಗಳಿಗೆ ಕಡ್ಡಾಯ ಮಾಡಿದೆ. ಆ ವರದಿಯನ್ನು ಸೇರುವ ಮೊದಲೇ ಓದಿ.

8. ಆಹ್ವಾನ ಬರಲಿಲ್ಲವೇ? ಮುಂದಿನ ಸೆಮಿಸ್ಟರ್‌ನಲ್ಲಿ ಮತ್ತೆ ಕೇಳಿ. ಆಲ್ಫಾ ಕಪ್ಪಾ ಆಲ್ಫಾದಂಥ ಸಂಘಗಳಿಗೆ ಪದವೀಧರೆಯರ ಶಾಖೆಗಳೂ ಇವೆ. ಕೆಲಸಕ್ಕೆ ಸೇರಿದ ಮೇಲೂ ಅಲ್ಲಿ ಸದಸ್ಯರಾದವರಿದ್ದಾರೆ.