ಪಕ್ಕೆ ಮೀನಿಗೆ ವಿಷ ಬೇಡ, ಬಲೆ ಬಿಡಿ

ನಾಲೆ ನೀರು ತುಂಬಿಸಿದ ಎರಡು ಮೂರು ತಿಂಗಳಿಗೆ ಮಂಡ್ಯ ಕಡೆಯ ಮೀನು ಕೊಳಗಳಿಂದ ಪ್ರತಿ ಸಲವೂ ಒಂದೇ ದೂರು: "ಪಕ್ಕೆ, ಮೋಲಾ ತುಂಬಿಕೊಂಡಿವೆ, ಕಾಟ್ಲ ಮೈ ಕಟ್ಟುತ್ತಿಲ್ಲ. ಏನು ಔಷಧಿ ಹಾಕಲಿ?" ಹಾಕಬೇಕಾದದ್ದು ಔಷಧಿಯಲ್ಲ, ಬಲೆ.

ಕಾಟ್ಲ ಸೊರಗುವುದಕ್ಕೆ ಸಣ್ಣ ಮೀನು ಇರುವುದಷ್ಟೇ ಕಾರಣವಲ್ಲ, ಅವನ್ನು ಹಿಡಿಯದೆ ಬಿಟ್ಟದ್ದು ಕಾರಣ. ಮೋಲಾ ಕೊಳದಲ್ಲೇ ಮೊಟ್ಟೆಯಿಡುತ್ತದೆ, ಒಂದು ಹಂಗಾಮಿನಲ್ಲಿ ಎರಡು ಮೂರು ಸಲ ಮರಿ ಮಾಡುತ್ತದೆ. ಗೆಂಡೆ ಬಲಿಯುವವರೆಗೆ ಬಲೆಯನ್ನೇ ಮುಟ್ಟದಿದ್ದರೆ ಆಹಾರ ಎಲ್ಲಿ ಉಳಿದೀತು, ಆಮ್ಲಜನಕ ಎಲ್ಲಿ ಸಾಕಾದೀತು? ಈ ಮಾತನ್ನು ಎಷ್ಟು ಸಲ ಹೇಳಿದರೂ ಕೇಳುವವರು ಕಡಿಮೆ. ಗದ್ದೆಗೆ ಹೊಡೆದು ಉಳಿದ ಕೀಟನಾಶಕವನ್ನೇ ಕೊಳಕ್ಕೆ ಸುರಿಯುವವರಿದ್ದಾರೆ. ಸತ್ತು ತೇಲಿದ ಆ ಮೀನನ್ನು ಮನೆಗೂ ಒಯ್ಯುತ್ತಾರೆ. ಇದು ಅಪರಾಧ, ಬೇರೆ ಮಾತಿಲ್ಲ.

ಮೀನು ಸಾಯಿಸಲು ಹಾಕುವ ಹಿಪ್ಪೆ ಹಿಂಡಿಯ ಲೆಕ್ಕ ಬೇರೆ. ಬತ್ತಿಸಲಾಗದ ಕೊಳದಲ್ಲಿ ಮರಿ ನುಂಗುವ ಕೊರವ, ಬಾಳೆ ಮೀನು ಸೇರಿಕೊಂಡಿದ್ದರೆ ಮರಿ ಬಿಡುವುದಕ್ಕೆ ಮೊದಲು, ಮೂರಡಿ ನೀರಿರುವ ಎಕರೆಗೆ 1000 ಕೆ.ಜಿ. ಹಾಕಿ ಮೂರು ವಾರ ಕಾಯಬೇಕು. ಮರಿ ಬಿಟ್ಟ ಮೇಲೆ ಹಾಕಿದರೆ ಗೆಂಡೆಯೂ ಉಳಿಯದು. ಬತ್ತಿಸಲು ಬರುವ ಕೊಳಕ್ಕೆ ಹಿಂಡಿಯ ಖರ್ಚೇ ಬೇಡ. ಬೇಸಿಗೆಯಲ್ಲಿ ನೀರಿಳಿಸಿ ಕೊರವ ಹಿಡಿದುಹಾಕಿ, ಮೋಲಾ, ಪಕ್ಕೆಯನ್ನು ಹಾಪಾದಲ್ಲಿ, ಅಂದರೆ ನೀರಲ್ಲೇ ಕಟ್ಟುವ ಬಲೆಗೂಡಿನಲ್ಲಿ, ಕಾಪಾಡಿಕೊಳ್ಳಿ.

ಗೆಂಡೆ, ಮೋಲಾ ಎರಡನ್ನೂ ಒಟ್ಟಿಗೇ ಬೆಳೆಸಬಹುದು. ಅದಕ್ಕೆ ಮೊದಲು ಎಕರೆಗೆ 80ರಿಂದ 100 ಕೆ.ಜಿ. ಸುಣ್ಣ, ವಾರ ಬಿಟ್ಟು ಒಂದು ಟನ್ ಸಗಣಿ. ಆಮೇಲೆ 15 ದಿನಕ್ಕೊಮ್ಮೆ 200 ಕೆ.ಜಿ. ಮೊಣಕೈವರೆಗೆ ತೋಳು ಇಳಿಸಿದಾಗ ಅಂಗೈ ಕಾಣದಷ್ಟು ನೀರು ಹಸಿರಾಗಿದ್ದರೆ ಸಗಣಿ ನಿಲ್ಲಿಸಿ. ಬೆರಳುದ್ದ ಬಲಿತ ಗೆಂಡೆ ಮರಿ ಎಕರೆಗೆ 4000, ಕಾಟ್ಲ, ರೋಹು, ಮೃಗಾಲ್ ಹೆಚ್ಚುಕಡಿಮೆ ಸಮಪಾಲು. ಬೆಳ್ಳಿಗೆಂಡೆ ಬೇಡ, ಮೋಲಾ ತಿನ್ನುವ ಪಾಚಿಯನ್ನೇ ಅದೂ ತಿನ್ನುತ್ತದೆ. ಮೋಲಾ 10,000, ಅಂದರೆ ಸುಮಾರು 15ರಿಂದ 20 ಕೆ.ಜಿ. ತವಡು, ಕಡಲೆಕಾಯಿ ಹಿಂಡಿ ಸಮಭಾಗ ಬೆರೆಸಿ ಗೆಂಡೆಯ ತೂಕದ ಶೇ. 2ರಿಂದ 3ರಷ್ಟು ದಿನಾ ಕೊಡಿ. ಮೋಲಾಗೆಂದು ಬೇರೆ ಮೇವು ಬೇಡ. ದಂಡೆಯ ನೀರಹುಲ್ಲನ್ನು ಪೂರ್ತಿ ಸವರಬೇಡಿ, ಮೊಟ್ಟೆ ನಿಲ್ಲುವುದೇ ಅಲ್ಲಿ.

ಮೋಲಾ ಬಲು ನಾಜೂಕು. ಕೈಯಲ್ಲಿ ಹಿಡಿದರೆ ಮಗ್ಗುಲ ಬೆಳ್ಳಿ ಪಟ್ಟೆಯ ಪುಡಿ ಹುರುಪೆ ಬೆರಳಿಗೆ ಅಂಟಿ ಬರುತ್ತದೆ, ಆ ಮೀನು ಬದುಕುವುದು ಅನುಮಾನ. ಹೊತ್ತು ಏರುವ ಮೊದಲು, ಹತ್ತಿರದ ಕೊಳದಿಂದ, ನೀರಿನ ಸಮೇತ ಬೋಗುಣಿಯಲ್ಲಿ ಮೊಗೆದು ತನ್ನಿ.

ಇನ್ನು ಬಲೆ. ಮೂರನೇ ತಿಂಗಳಿನಿಂದ 15 ದಿನಕ್ಕೊಮ್ಮೆ, ತಪ್ಪದೆ. ಸೊಳ್ಳೆಪರದೆ ಬಳಸಬೇಡಿ, ಮರಿಯೆಲ್ಲ ಬಾಚಿಕೊಂಡು ಬರುತ್ತದೆ. ಮರಿ ನುಸುಳಿಹೋಗುವಷ್ಟು ಕಣ್ಣಿನ ಬಲೆ ಇರಲಿ. ಸಿಕ್ಕ ಗೆಂಡೆಯನ್ನು ಕೂಡಲೇ ನೀರಿಗೆ ಬಿಡಿ. ಮೋಡ ಮುಸುಕಿ ಮೀನು ಬೆಳಗ್ಗೆ ಬಾಯಿ ತೆರೆದು ಮೇಲೆ ಬರುತ್ತಿದ್ದರೆ ಅಂದು ಬಲೆ ಬೇಡ, ಹೊಸ ನೀರು ಹಾಯಿಸಿ.

ಬಾಂಗ್ಲಾದೇಶದ ಪ್ರಯೋಗಗಳಲ್ಲಿ ಮೋಲಾ ಬಿಟ್ಟ ಕೊಳದಲ್ಲೂ ಗೆಂಡೆಯ ಇಳುವರಿ ಕುಗ್ಗಲಿಲ್ಲ. ಒಡಿಶಾದಲ್ಲಿ ಪಂಚಾಯಿತಿ ಕೆರೆಗಳಲ್ಲಿ ಸ್ವಸಹಾಯ ಸಂಘದ ಹೆಂಗಸರೇ ಗೆಂಡೆಯ ಜೊತೆ ಮೋಲಾ ಬೆಳೆಸುತ್ತಿದ್ದಾರೆ. ಸಹಾಯಧನದ ವಿವರ ನನ್ನನ್ನು ಕೇಳಬೇಡಿ. ಅರ್ಜಿ ಹಿಡಿದು ಅಲೆಯುವಷ್ಟರಲ್ಲಿ ಹಂಗಾಮು ಮುಗಿದಿರುತ್ತದೆ, ಮೋಲಾಗೆ ಅದರ ಅಗತ್ಯವೂ ಇಲ್ಲ.

100 ಗ್ರಾಂ ಮೋಲಾದಲ್ಲಿ 2500 ಮೈಕ್ರೊಗ್ರಾಂಗೂ ಹೆಚ್ಚು ಎ ಜೀವಸತ್ವವಿದೆ, ರೋಹುವಿನಲ್ಲಿ 50 ಕೂಡ ಇಲ್ಲ. ಅದರ ಬಹುಪಾಲು ಇರುವುದು ಕಣ್ಣು ಮತ್ತು ಹೊಟ್ಟೆಯ ಭಾಗದಲ್ಲಿ. ಗೆಂಡೆ ಮಾರಿಕೊಳ್ಳಿ, ಪ್ರತಿ ಬಲೆಯ ಮೋಲಾದಲ್ಲಿ ಒಂದು ಪಾಲು ಮನೆಗೆ ಇಟ್ಟುಕೊಳ್ಳಿ, ತಲೆ ಕತ್ತರಿಸದೆ ಇಡಿಯಾಗಿ ಸಾರು ಮಾಡಿ ಮಕ್ಕಳಿಗೆ, ಬಸುರಿಯರಿಗೆ ಬಡಿಸಿ.